ಬಬಲ್‌ಗಮ್ ಜೊತೆ ಬಂದ ಚಿತ್ರಕ್ಕೆ ನೂರು ಕೋಟಿ!

ಅಮೆರಿಕದಲ್ಲಿ 2022ರ ಆಗಸ್ಟಿನಲ್ಲಿ ಅಂಗೈಯಗಲದ ಒಂದು ರಟ್ಟಿನ ಚೂರು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ನಮ್ಮ ನೂರು ಕೋಟಿ ರೂಪಾಯಿ! ಚಿನ್ನದ ತಗಡಲ್ಲ ಸ್ವಾಮಿ. 1952ರಲ್ಲಿ ಟಾಪ್ಸ್ ಕಂಪನಿಯವರು ಬಬಲ್‌ಗಮ್ ಪೊಟ್ಟಣದಲ್ಲಿಟ್ಟು ಮಾರಿದ, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ ಚಿತ್ರದ ಕಾರ್ಡು. ಅಂದು ಗಮ್ ಮಾರಿದ ಅಂಗಡಿಯವನಿಗೆ ದಕ್ಕಿದ್ದು ಪುಡಿಗಾಸು.

ಮ್ಯಾಂಟಲ್ ಮಾತು ಅಲ್ಲಿಗಿರಲಿ. ಈ ಕಾರ್ಡು ಕೂಡಿಡುವವರಲ್ಲಿ ‘ಕ್ಯಾಚರ್’ಗಳ ಕಾರ್ಡನ್ನೇ ಹುಡುಕಿಕೊಂಡು ಅಲೆಯುವವರಿದ್ದಾರೆ. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ ಅನ್ನಿ. ಮುಖಕ್ಕೆ ಜಾಲರಿ, ಎದೆಗೆ ದಿಂಬಿನಂಥ ಕವಚ. ಇಡೀ ಆಟ ಕುಕ್ಕರುಗಾಲಲ್ಲಿ ಕೂತು, ಯಾವ ಚೆಂಡು ಎಸೆಯಬೇಕೆಂದು ಬೆರಳಲ್ಲೇ ಸನ್ನೆ ಮಾಡಬೇಕು. ಚಪ್ಪಾಳೆ ಮಾತ್ರ ಹೆಚ್ಚಾಗಿ ಬ್ಯಾಟು ಬೀಸಿದವನಿಗೆ!

ಇವರಲ್ಲಿ ಯೋಗಿ ಬೆರಾ ದೊಡ್ಡ ಹೆಸರು. ‘ಯೋಗಿ’ ನಮ್ಮ ಕಡೆಯ ಮಾತೇ. ಇಂಡಿಯಾ ಕುರಿತ ಸಿನಿಮಾದಲ್ಲಿ ಕಂಡ ಯೋಗಿಯ ಹಾಗೆ ಕಾಲು ಮಡಚಿ ಕೂರುತ್ತಾನೆ ಅಂತ ಗೆಳೆಯ ಇಟ್ಟ ಅಡ್ಡಹೆಸರಂತೆ ಅದು. ಈತನ ಮೊದಲ ಕಾರ್ಡು 1948ರ ಬೋಮನ್ ಕಂಪನಿಯದ್ದು. ಜಾನಿ ಬೆಂಚ್‌ನ ಮೊದಲ ಕಾರ್ಡು 1968ರದ್ದು. ಪಾಪ, ಅದರಲ್ಲಿ ಇನ್ನೊಬ್ಬ ಹೊಸ ಹುಡುಗನ ಜೊತೆ ಅರ್ಧರ್ಧ ಜಾಗ!

ಕಾರ್ಡಿನ ಬೆಲೆ ನಿಲ್ಲುವುದು ಮೂಲೆಗಳ ಮೇಲೆ. ಮೂಲೆ ಸವೆದಿರಬಾರದು, ಗಮ್ಮಿನ ಕಲೆ ಇರಬಾರದು. ಹತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡಿಕೊಡುವ ಕಂಪನಿಗಳೇ ಇವೆ. ಯಾಮಾರುವವರೂ ಇದ್ದಾರೆ. 1952ರ ಕಾರ್ಡುಗಳನ್ನೇ ಟಾಪ್ಸ್‌ನವರು 1983ರಲ್ಲಿ ಮತ್ತೆ ಅಚ್ಚು ಹಾಕಿದರು. ಗುರುತು ಸುಲಭ, ಅಳತೆ ಪಟ್ಟಿ ಸಾಕು: ಹೊಸದರ ಉದ್ದ ಮೂರೂವರೆ ಇಂಚು, ಹಳೆಯದು ಮೂರೂಮುಕ್ಕಾಲು.

ಅಸಲಿ ಇಷ್ಟು ಅಪರೂಪ ಯಾಕೆ? ಆ ವರ್ಷದ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತುವೇ ಮುಗಿಯುತ್ತ ಬಂದಿತ್ತು. ಉಳಿದ ಮಾಲು ಗೋದಾಮಿನಲ್ಲಿ ಕೊಳೆಯಿತು. ಕೊನೆಗೆ 1960ರಲ್ಲಿ ಅದನ್ನು ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಕಂಪನಿಯ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ವ್ಯಾಪಾರಸ್ಥರು ಇದನ್ನು ಓದಿ ಹೊಟ್ಟೆ ಉರಿಸಿಕೊಳ್ಳಬಾರದು!

ಆ ಕಂತಿನಲ್ಲೇ ಇದ್ದದ್ದು 314ನೇ ನಂಬರಿನ ರಾಯ್ ಕ್ಯಾಂಪನೆಲ್ಲ. ತಾಯಿ ಕರಿಯ ಜನಾಂಗದವರು, ತಂದೆ ಇಟಲಿ ಮೂಲದವರು. ಬ್ರೂಕ್ಲಿನ್ ಡಾಜರ್ಸ್ ತಂಡದ ಕ್ಯಾಚರ್. 1951, 1953, 1955, ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸ್ವಂತ ಮದ್ಯದಂಗಡಿ ಇಟ್ಟುಕೊಂಡಿದ್ದರು. 1958ರ ಜನವರಿ 28. ಅಂಗಡಿಯಿಂದ ಮನೆಗೆ ಹೊರಟಾಗ ನಡುರಾತ್ರಿ ಮೀರಿತ್ತು. ಹಿಮದ ರಸ್ತೆಯಲ್ಲಿ ಕಾರು ಜಾರಿ ಕಂಬಕ್ಕೆ ಬಡಿಯಿತು. ಕುತ್ತಿಗೆ ಮುರಿಯಿತು. ಮತ್ತೆ ಎದ್ದು ನಿಲ್ಲಲಿಲ್ಲ.

ಮರುವರ್ಷ ಟಾಪ್ಸ್‌ನವರು ಅವರ ಕಾರ್ಡು ಬಿಡಲೇ ಇಲ್ಲ ಅಂದುಕೊಂಡಿರಾ? ಬಿಟ್ಟರು. 1959ರ 550ನೇ ನಂಬರು. ಕೈಯಲ್ಲಿ ಗ್ಲೌಸಿಲ್ಲ, ಗಾಲಿಕುರ್ಚಿಯಲ್ಲಿ ಕೂತಿದ್ದಾರೆ. ಮೇಲೆ ‘ಧೈರ್ಯದ ಸಂಕೇತ’ ಎಂಬ ಮಾತು. ಅದೇ ಮೇ 7ರಂದು ಲಾಸ್ ಏಂಜಲೀಸ್‌ನಲ್ಲಿ ಅವರ ಗೌರವಕ್ಕಾಗಿ ನಡೆದ ಪಂದ್ಯಕ್ಕೆ 93,103 ಜನ ಸೇರಿದರು. ಮೈದಾನದ ದೀಪ ಆರಿಸಿ, ಕತ್ತಲಲ್ಲಿ ಸಾವಿರಾರು ಬೆಂಕಿಕಡ್ಡಿ ಗೀರಿದರು. ಬೆಂಚ್, ಬೆರಾ ಕಾರ್ಡಿಗಿಂತ ನಮಗೆ ಇದೇ ಹೆಚ್ಚೆನಿಸುತ್ತದೆ.

ಇನ್ನೊಬ್ಬರಿದ್ದಾರೆ, ಜಾಷ್ ಗಿಬ್ಸನ್. ಕ್ಯಾಚರ್‌ಗಳಲ್ಲಿ ಇವರೇ ಎಲ್ಲರಿಗಿಂತ ಮೇಲು ಅನ್ನುವವರಿದ್ದಾರೆ. ಆದರೆ ಕರಿಯರಿಗೆ ದೊಡ್ಡ ಲೀಗುಗಳಲ್ಲಿ ಬಾಗಿಲು ಹಾಕಿದ್ದ ಕಾಲ. ಗಮ್ ಕಂಪನಿಗಳೂ ಇವರ ಕಡೆ ತಿರುಗಿ ನೋಡಲಿಲ್ಲ. 1947ರ ಜನವರಿ 20ರಂದು ತೀರಿಕೊಂಡಾಗ ವಯಸ್ಸು 35. ಮೂರು ತಿಂಗಳೊಳಗೆ, ಏಪ್ರಿಲ್ 15ಕ್ಕೆ, ಜಾಕಿ ರಾಬಿನ್‌ಸನ್ ಆ ಬಾಗಿಲು ದಾಟಿ ಒಳಹೊಕ್ಕರು. ಕರಿಯರ ಲೀಗುಗಳ ಅಂಕಿ ಅಂಶವನ್ನು 2024ರ ಮೇ ತಿಂಗಳಲ್ಲಿ ಅಧಿಕೃತ ದಾಖಲೆಗೆ ಸೇರಿಸಿದಾಗ, ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಗಿಬ್ಸನ್ .372 ಪಡೆದು ಎಲ್ಲರಿಗೂ ಮೇಲೆ ಬಂದರು. ಇವರ ಹಳೆಯ ಕಾರ್ಡು ಬೇಕೆಂದವರು ಹುಡುಕುವುದು ಪೋರ್ಟೊ ರಿಕೊ ದ್ವೀಪದಲ್ಲಿ ಹೊರಟ ಒಂದು ಕಾರ್ಡನ್ನು. ಅದು ಅಚ್ಚಾದದ್ದೂ 1950ರ ಹೊತ್ತಿಗೆ, ಗಿಬ್ಸನ್ ಸತ್ತು ಮೂರು ವರ್ಷವಾದ ಮೇಲೆ.