ಕೀಲಿ ಜಡಿದ ಬಾಗಿಲು ಕಳ್ಳನಿಗೆ ಹೇಳುವುದೇನು?

ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಎಂದರೆ ಈಗ ನೆನಪಾಗುವುದು ತುಂಗಭದ್ರೆಗೆ ಅಡ್ಡಲಾಗಿ ಎದ್ದಿರುವ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು. ನೀರು ಬಂದರೂ ಈ ಸೀಮೆಯ ಹಳ್ಳಿಗಳಿಂದ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವವರು ಇದ್ದೇ ಇದ್ದಾರೆ. ಅವರ ಮನೆಗಳಿಗೆ ತಿಂಗಳುಗಟ್ಟಲೆ ಕೀಲಿ. ಹೊರಡುವ ಮುನ್ನ ಪೇಟೆಯಿಂದ ದಪ್ಪನೆಯದೊಂದು ಕೀಲಿ ತಂದು ಬಾಗಿಲಿಗೆ ಜಡಿದರೆ ಮನಸ್ಸಿಗೆ ನಿರಾಳ. ಕಳ್ಳ ಮಾತ್ರ ಆ ಕೀಲಿಯನ್ನು ನೋಡುವ ಬಗೆಯೇ ಬೇರೆ. ಒಳಗೆ ಯಾರೂ ಇಲ್ಲ ಎಂಬುದನ್ನು ಅದು ಓಣಿಗೆಲ್ಲ ಸಾರುತ್ತಿರುತ್ತದೆ.

ಕಳ್ಳತನ ನಡೆಯಲು ಮೂರು ಸಂಗತಿಗಳು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕೂಡಿಬರಬೇಕು ಎಂದು 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ಸಮಾಜವಿಜ್ಞಾನಿಗಳು ವಾದಿಸಿದರು: ಕದಿಯುವ ಮನಸ್ಸಿನವನು, ಕದಿಯಲು ಯೋಗ್ಯವಾದ ವಸ್ತು, ಮತ್ತು ಕಾಯುವವರ ಗೈರು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಉಳಿದೆರಡನ್ನು ಹೊರಗೆ ಜೋತಾಡುವ ಕೀಲಿ ಬಿಟ್ಟುಕೊಡುತ್ತದೆ.

ಅದು ತಡೆಯುವುದಾದರೂ ಎಷ್ಟು? ಕಳ್ಳರು ಕೀಲಿಯ ತಂಟೆಗೆ ಹೋಗುವುದೇ ಕಡಿಮೆ. ಅವರು ಮೀಟುವುದು ಚಿಲಕದ ಕೊಂಡಿಯನ್ನು. ಸುಮಾರು 60 ಸೆಂಟಿಮೀಟರ್ ಉದ್ದದ ಹಾರೆಯ ತುದಿಯನ್ನು ಕೊಂಡಿಯ ಸಂದಿಗೆ ತೂರಿಸಿ, ಆ ತುದಿಯಿಂದ 2 ಸೆಂಟಿಮೀಟರ್ ದೂರದಲ್ಲಿ ಆನಿಕೆ ಕೊಟ್ಟು ಒತ್ತಿದರೆ ಬಲ ಸುಮಾರು 30 ಪಟ್ಟು ಹೆಚ್ಚುತ್ತದೆ. ಕೈಯಿಂದ ಹಾಕಿದ್ದು 20 ಕಿಲೋ ಭಾರವಾದರೆ ಕೊಂಡಿಯ ಮೇಲೆ ಬೀಳುವುದು 600 ಕಿಲೋದ ಸನಿಹ. ಅರ್ಧ ಇಂಚಿನ ಸ್ಕ್ರೂಗಳು ಒಣಗಿದ ಕಟ್ಟಿಗೆಯಲ್ಲಿ ಅದನ್ನು ತಡೆಯಲಾರವು. ಸಾವಿರ ರೂಪಾಯಿಯ ಕೀಲಿ ಮುರಿಯದೆ ಹಾಗೇ ನೆಲಕ್ಕೆ ಬಿದ್ದಿರುತ್ತದೆ! ಆದ್ದರಿಂದ ದುಡ್ಡು ಹಾಕಬೇಕಾದದ್ದು ಕೊಂಡಿಗೆ. ಬಾಗಿಲ ಆಚೆಯಿಂದ ಈಚೆಗೆ ಬೋಲ್ಟು ತೂರಿಸಿ ಒಳಗಡೆ ನಟ್ಟು ಬಿಗಿಸಬೇಕು. ಅದಕ್ಕಿಂತ ಮೇಲು, ಬಾಗಿಲೊಳಗೇ ಕೂರುವ ಇಂಟರ್‌ಲಾಕ್. ಮೀಟಲು ಕೊಂಡಿ ಇರುವುದಿಲ್ಲ, ಮನೆ ಖಾಲಿಯೆಂಬ ಗುಟ್ಟೂ ಹೊರಬೀಳುವುದಿಲ್ಲ.

ನಮ್ಮ ಬಯಲುಸೀಮೆಯ ಹಿರಿಯರಿಗೆ ಕಳ್ಳನ ಲೆಕ್ಕಾಚಾರ ಗೊತ್ತಿತ್ತು. ಅವರ ಸಂಪತ್ತು ಜೋಳ. ಅದನ್ನಿಡುತ್ತಿದ್ದುದು ನೆಲದೊಳಗಿನ ಹಗೇವಿನಲ್ಲಿ. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು ಎರಡೂ ಉಸಿರಾಡಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುತ್ತವೆ, ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಗಾಳಿಗಿಂತ ಭಾರವಾದ ಆ ಅನಿಲ ತಳದಲ್ಲೇ ನಿಲ್ಲುವುದರಿಂದ, ಬಾಯಿ ತೆರೆದ ಕೂಡಲೇ ಇಳಿದವನ ಪ್ರಾಣಕ್ಕೇ ಅಪಾಯ. ಮಣ್ಣು ಅಗೆಯಬೇಕು, ಗಾಳಿಯಾಡಲು ಬಿಡಬೇಕು, ಚೀಲ ತುಂಬಿ ಹೊರಬೇಕು. ಹೊತ್ತು, ಸದ್ದು, ಹತ್ತು ಜನರ ಕಣ್ಣು. ಕಳ್ಳನಿಗೆ ಬೇಡವಾದದ್ದೆಲ್ಲ ಅಲ್ಲಿತ್ತು. ಇಂದು ನಾವು ಬಂಗಾರವನ್ನು ತಿಜೋರಿಯಲ್ಲಿಟ್ಟು, ಅದರ ಕೀಲಿಕೈಯನ್ನು ಹಾಸಿಗೆಯ ಕೆಳಗೇ ಇಡುತ್ತೇವೆ.

ಇನ್ನು ಹೊಸ ಸಲಕರಣೆಗಳು. ಆಳು ಸುಳಿದರೆ ತಾನೇ ಹತ್ತುವ ದೀಪ ಇರುಳಿಡೀ ಉರಿಯುವ ದೀಪಕ್ಕಿಂತ ಒಳ್ಳೆಯದು. ಆರಿಸುವವರಿಲ್ಲದೆ ಹಗಲಲ್ಲೂ ಉರಿಯುವ ದೀಪ ಖಾಲಿ ಮನೆಯ ಗುರುತಲ್ಲವೇ? ತಾನೇ ಹತ್ತುವ ದೀಪದೊಳಗಿನ ಸಂವೇದಕ ನಮ್ಮ ಮೈಯಿಂದ ಹೊಮ್ಮುವ ಅವಕೆಂಪು ಕಿರಣಗಳ ಏರಿಳಿತವನ್ನು ಹಿಡಿಯುತ್ತದೆ. ಏಪ್ರಿಲ್ ಸಂಜೆ ಗೋಡೆ, ನೆಲ ಕಾದು ಮೈಬಿಸಿಗೆ ಸಮವಾದಾಗ ಮಾತ್ರ ಅದರ ಕಣ್ಣು ಮಂಜಾಗುತ್ತದೆ. ಕ್ಯಾಮೆರಾ ಹಾಕಿಸುವವರು ನ್ಯಾಮತಿಯನ್ನು ನೆನೆಯಲಿ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ಆ ಊರಿನ ಸ್ಟೇಟ್ ಬ್ಯಾಂಕಿಗೆ ನುಗ್ಗಿದವರು ಬಂದದ್ದು ಕಿಟಕಿಯ ಸರಳು ಕಿತ್ತು. ಹೊತ್ತೊಯ್ದದ್ದು 17 ಕಿಲೋಗೂ ಮಿಕ್ಕ ಬಂಗಾರ, ಜೊತೆಗೆ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ. ಕ್ಯಾಮೆರಾ ಇದ್ದರೆ ಸಾಲದು, ಅದರ ಪೆಟ್ಟಿಗೆ ಕಣ್ಣಿಗೆ ಬೀಳದಂತಿರಬೇಕು.

ಇವೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗದ ಮೇಲೆ. ಒಮ್ಮೆ ಕಳುವಾದ ಮನೆಗೆ ಮತ್ತೆ ಕಳ್ಳ ಬೀಳುವ ಸಂಭವ ಬೇರೆ ಮನೆಗಳಿಗಿಂತ ಹಲವು ಪಟ್ಟು ಹೆಚ್ಚೆಂದು ಅಲ್ಲಿ ಕಂಡುಬಂತು. ನಾಣ್ಯ ಹಾಕಿ ಉರಿಸುವ ಗ್ಯಾಸ್, ವಿದ್ಯುತ್ ಮೀಟರುಗಳನ್ನು ತೆಗೆಸಿದರು, ಏಕೆಂದರೆ ಕಳ್ಳರ ಕಣ್ಣು ಆ ನಾಣ್ಯಗಳ ಮೇಲಿತ್ತು. ಕಳುವಾದ ಮನೆಯ ಸುತ್ತಲಿನ ಐದಾರು ಮನೆಯವರನ್ನಷ್ಟೇ ಕಾವಲಿಗೆ ಒಪ್ಪಿಸಿದರು. ಮೂರು ವರ್ಷಗಳಲ್ಲಿ ಮನೆಗಳ್ಳತನ ಮುಕ್ಕಾಲು ಪಾಲು ಇಳಿಯಿತು. ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ "ಯಾವೂರು, ಯಾರ ಪೈಕಿ?" ಎಂದು ಕೇಳುವ ನಮ್ಮ ಓಣಿಯ ಅಜ್ಜಿ ಮಾಡುವುದೂ ಇದೇ ಕೆಲಸ, ಅದೂ ಪುಕ್ಕಟೆ.

ಊರು ಬಿಡುವಾಗ ಪಕ್ಕದ ಮನೆಯವರಿಗೂ ಬೀಟ್ ಪೊಲೀಸರಿಗೂ ತಿಳಿಸಿ. ಅಂಗಳ ಗುಡಿಸಿ ನೀರು ಚಿಮುಕಿಸಲು ಯಾರಿಗಾದರೂ ಹೇಳಿಹೋಗಿ. ಪ್ರವಾಸದ ಫೋಟೊಗಳನ್ನು ಮರಳಿ ಬಂದ ಮೇಲೆ ಸ್ಟೇಟಸ್‌ಗೆ ಹಾಕಿ. ಬಂದಾಗ ಬಾಗಿಲು ಒಡೆದಿದ್ದರೆ ಒಳಗೆ ಕಾಲಿಡಬೇಡಿ, ಏನನ್ನೂ ಮುಟ್ಟಬೇಡಿ, 112ಕ್ಕೆ ಕರೆ ಮಾಡಿ. ಬೆರಳಚ್ಚು ಒಂದು ಕೈ ತಾಗಿದರೂ ಅಳಿಸಿಹೋಗುತ್ತದೆ.