ಮಕ್ಕಳ ಬೆನ್ನೂ ಪುಸ್ತಕದ ಚೀಲವೂ

ಬೆನ್ನುನೋವು ವಯಸ್ಸಾದವರ ಸೊತ್ತೆಂದು ನಾವು ಬಹುಕಾಲ ನಂಬಿದ್ದೆವು. ಊರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ತಟ್ಟೆ ಎತ್ತಿ, ಮುಂದೆ ಸ್ವಂತ ಹೋಟೆಲಿನ ಗಲ್ಲೆಯ ಮೇಲೆ ಹದಿನೈದು ವರ್ಷ ಕುಳಿತ ನಮಗೆ ಅದು ಬಂದುದರಲ್ಲಿ ಆಶ್ಚರ್ಯವಿರಲಿಲ್ಲ. ಗಲ್ಲೆಯನ್ನು ಬಿಟ್ಟು ಸಂಪಾದಕರ ಕುರ್ಚಿಗೆ ಬಂದೆವು. ನೋವೂ ನಮ್ಮ ಹಿಂದೆಯೇ ಬಂತು. ಆದರೆ ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಓದುವ ನಮ್ಮ ಮಗಳು "ಅಪ್ಪಾ, ಸೊಂಟ ನೋಯುತ್ತದೆ, ಕೂತುಕೊಳ್ಳಲಿಕ್ಕೆ ಆಗುವುದಿಲ್ಲ" ಎಂದಾಗ ನಾವು ನಕ್ಕುಬಿಟ್ಟೆವು. ಹದಿನಾಲ್ಕು ವರ್ಷದ ಹುಡುಗಿಗೆ ಎಲ್ಲಿಯ ಸೊಂಟನೋವು! ಮರುದಿನ ಗಣಿತದ ಪರೀಕ್ಷೆ ಇರಬೇಕು ಎಂದುಕೊಂಡೆವು. ಎರಡು ವಾರ ಕಳೆದರೂ ನೋವು ಹೋಗದಿದ್ದಾಗ ನಮ್ಮ ನಗು ನಿಂತಿತು.

ವ್ಯಾಪಾರದಿಂದ ಬಂದವರಿಗೆ ತೂಕದ ಮೇಲೆ ನಂಬಿಕೆ ಹೆಚ್ಚು. ಮಗಳ ಪುಸ್ತಕದ ಚೀಲವನ್ನು ಕೊಂಡೊಯ್ದು, ಈಗ ತಮ್ಮನ ವಶದಲ್ಲಿರುವ ಹೋಟೆಲಿನ ಉಗ್ರಾಣದ ತಕ್ಕಡಿಯ ಮೇಲೆ ಇಟ್ಟೆವು. ಆರೂವರೆ ಕಿಲೋ ತೂಗಿತು. ಹುಡುಗಿಯ ತೂಕ ನಲವತ್ತೊಂದು ಕಿಲೋ. ಅಪರಾಧಿ ಸಿಕ್ಕಿತೆಂದು ನಮಗೆ ಒಂದು ಬಗೆಯ ಸಮಾಧಾನವೇ ಆಯಿತು. ಅದೇ ರಾತ್ರಿ ಚೀಲವನ್ನು ಹಗುರ ಮಾಡಿಸಿದೆವು. ಅದೂ ಸಾಲದೆಂದು, ಇವಳಿಗೆ ವಿಶ್ರಾಂತಿ ಬೇಕಾಗಿರುವುದರಿಂದ ಆಟೋಟಗಳಿಂದ ವಿನಾಯಿತಿ ಕೊಡಬೇಕೆಂದು ಶಾಲೆಗೆ ಪತ್ರ ಬರೆದೆವು. ಅವಳು ಶಾಲೆಯ ಖೋ-ಖೋ ತಂಡದಲ್ಲಿದ್ದಳು. ಪತ್ರವನ್ನು ಕೈಗೆ ಕೊಟ್ಟಾಗ ಅವಳು ಒಂದು ಮಾತನ್ನೂ ಆಡಲಿಲ್ಲ. ಅದನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಚೀಲದ ಮೇಲೆ ದೂರು ಹೇಳಿದವರಲ್ಲಿ ನಾವು ಮೊದಲಿಗರಲ್ಲ. ನಮ್ಮ ಮೈಸೂರಿನ ಆರ್.ಕೆ. ನಾರಾಯಣರು ರಾಜ್ಯಸಭೆಗೆ ನಾಮಕರಣಗೊಂಡಿದ್ದಾಗ, 1989ರಲ್ಲಿ ತಮ್ಮ ಚೊಚ್ಚಲ ಭಾಷಣವನ್ನು ಶಾಲಾಮಕ್ಕಳು ಹೊರುವ ಹೊರೆಗೇ ಮೀಸಲಿಟ್ಟರು. ಸಾಹಿತಿಯೊಬ್ಬರು ಸಂಸತ್ತಿನಲ್ಲಿ ಸಾಹಿತ್ಯದ ಮಾತನ್ನು ಬಿಟ್ಟು ಮಕ್ಕಳ ಬೆನ್ನಿನ ಮಾತನ್ನೆತ್ತಿದ್ದು ಆ ದಿನಗಳಲ್ಲಿ ದೊಡ್ಡ ಸುದ್ದಿಯಾಯಿತು. ಮುಂದೆ ಕೇಂದ್ರ ಸರಕಾರವು ವಿಜ್ಞಾನಿ ಪ್ರೊಫೆಸರ್ ಯಶಪಾಲರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. 1993ರಲ್ಲಿ ಅದರ ವರದಿ ಬಂತು. ಬೆನ್ನಿನ ಮೇಲಿನ ಪುಸ್ತಕದ ಭಾರಕ್ಕಿಂತಲೂ ತಲೆಯೊಳಗಿನ ಅರ್ಥವಾಗದ ಪಾಠದ ಭಾರವೇ ಹೆಚ್ಚು ಕೇಡಿನದು ಎಂಬುದು ಆ ವರದಿಯ ತಿರುಳು. ಅದನ್ನು ಯಾರು ಎಷ್ಟು ಓದಿದರೋ! ಸರಕಾರಗಳಿಗೆ ತೂಗಲು ಬರುವುದು ಚೀಲವೊಂದೇ ಆದ್ದರಿಂದ ನಿಯಮಗಳೆಲ್ಲ ಚೀಲದ ಮೇಲೆಯೇ ಬಂದವು. ಚೀಲವು ಮಗುವಿನ ಮೈತೂಕದ ಶೇಕಡಾ 10ನ್ನು ಮೀರಬಾರದೆಂದು ಮಹಾರಾಷ್ಟ್ರ ಸರಕಾರವು 2015ರಲ್ಲಿ ಆಜ್ಞೆ ಮಾಡಿತು. ಕರ್ನಾಟಕವು 2019ರಲ್ಲಿ ತರಗತಿವಾರು ಮಿತಿಯನ್ನು ಗೊತ್ತುಮಾಡಿತು. 2020ರ ಕೇಂದ್ರ ನೀತಿಯೂ ಅದೇ ಶೇಕಡಾ 10ರ ಮಾತನ್ನು ಹೇಳಿತು. ಈ ಲೆಕ್ಕದಲ್ಲಿ ನಮ್ಮ ಮಗಳು ಎರಡು ಕಿಲೋಗೂ ಮಿಕ್ಕಿ ಹೆಚ್ಚುವರಿ ಹೊರೆಯನ್ನು ಹೊರುತ್ತಿದ್ದಳು.

ಇಷ್ಟಾದರೂ ಚೀಲ ಹಗುರವಾದ ಮೇಲೆ ನೋವು ಹಗುರವಾಗಲಿಲ್ಲ. ಆಗ ನಾವು ಪತ್ರಿಕೆಯವರ ಹಳೆಯ ಚಾಳಿಯಂತೆ ಈ ವಿಷಯವಾಗಿ ಹುಡುಕಿ ಓದತೊಡಗಿದೆವು. ಓದಿದ್ದು ನಮ್ಮ ತಕ್ಕಡಿಯ ಗರ್ವವನ್ನು ಇಳಿಸಿತು. 2018ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ಸಂಶೋಧಕರು, ಚೀಲಕ್ಕೂ ಮಕ್ಕಳ ಬೆನ್ನುನೋವಿಗೂ ಇರುವ ಸಂಬಂಧದ ಕುರಿತು ಅದುವರೆಗೆ ನಡೆದಿದ್ದ 69 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ್ದಾರೆ. ಅವುಗಳಲ್ಲಿ ಸೇರಿದ ಮಕ್ಕಳ ಸಂಖ್ಯೆ 72,627. ಚೀಲದ ತೂಕವಾಗಲಿ, ಅದರ ಆಕಾರವಾಗಲಿ, ಹೊರುವ ರೀತಿಯಾಗಲಿ ಬೆನ್ನುನೋವಿನ ಸಂಭವವನ್ನು ಹೆಚ್ಚಿಸುತ್ತದೆ ಎನ್ನಲು ಒಪ್ಪುವಂಥ ಆಧಾರ ದೊರೆಯಲಿಲ್ಲವೆಂಬುದೇ ಅವರ ನಿರ್ಣಯ. ಹಾಗೆಂದು ಚೀಲವನ್ನು ಪೂರ್ತಿ ನಿರ್ದೋಷಿಯೆನ್ನಲೂ ಬರುವುದಿಲ್ಲ. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳು ಅವುಗಳಲ್ಲಿ ಐದೇ ಐದು. ಆರೋಪ ಸಾಬೀತಾಗಲಿಲ್ಲ ಎಂದರೆ ಸರಿಯಾದೀತು. ಆದರೆ ಒಂದು ಸಂಗತಿ ನಮ್ಮ ಮನಸ್ಸನ್ನು ಹಿಡಿಯಿತು. ಚೀಲದ ನಿಜವಾದ ತೂಕಕ್ಕಿಂತ, ಅದು ಭಾರವೆಂದು ಮಗುವಿಗೆ ಅನಿಸುವುದಕ್ಕೂ ನೋವಿಗೂ ನಂಟಿರುವಂತೆ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಕಸುವಿಲ್ಲದ ಮೈಗೆ ಹಗುರವೂ ಭಾರವಾಗುವುದು ಸಹಜವಲ್ಲವೇ?

ಹದಿಹರೆಯದಲ್ಲಿ ಬೆನ್ನುನೋವು ಅಪರೂಪವೆಂಬ ನಮ್ಮ ನಂಬಿಕೆಯೂ ಸುಳ್ಳಾಯಿತು. ಡೆನ್ಮಾರ್ಕಿನಲ್ಲಿ 12ರಿಂದ 41 ವರ್ಷದೊಳಗಿನ 29,424 ಮಂದಿ ಅವಳಿಜವಳಿಗಳನ್ನು ವಿಚಾರಿಸಿ 1998ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹುಡುಗಿಯರಲ್ಲಿ 18 ಮತ್ತು ಹುಡುಗರಲ್ಲಿ 20 ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಮ್ಮೆಯಾದರೂ ಸೊಂಟನೋವನ್ನು ಅನುಭವಿಸಿರುತ್ತಾರೆ. ಅದೇ ದೇಶದಲ್ಲಿ 9,600 ಅವಳಿಗಳನ್ನು ಎಂಟು ವರ್ಷ ಅನುಸರಿಸಿ ನೋಡಿದಾಗ, ಎಳೆಯ ವಯಸ್ಸಿನಲ್ಲಿ ನೋವಿದ್ದವರೇ ಪ್ರಾಯಕ್ಕೆ ಬಂದ ಮೇಲೂ ಹೆಚ್ಚಾಗಿ ನೋವಿಗೊಳಗಾದುದು ಕಂಡುಬಂತು. 2020ರಲ್ಲಿ ಲೋಕದಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರು ಸುಮಾರು 61 ಕೋಟಿ 90 ಲಕ್ಷ ಜನರೆಂದು ಅಂದಾಜು. ಇವರಲ್ಲಿ ಬಹಳ ಮಂದಿಯ ನೋವಿನ ಮೊದಲ ಅಧ್ಯಾಯವು ಶಾಲೆಯ ಬೆಂಚಿನ ಮೇಲೆಯೇ ಬರೆಯಲ್ಪಟ್ಟಿರಬೇಕು. ಮನೆಯವರು ಅದನ್ನು ನಮ್ಮಂತೆ ನಕ್ಕು ಕಳೆದಿರಲೂಬಹುದು.

ಇನ್ನು ವಿಶ್ರಾಂತಿಯ ಮಾತು. ಪತ್ರ ಕೊಟ್ಟ ಮೂರು ತಿಂಗಳಲ್ಲಿ ಮಗಳ ನೋವು ಕಡಿಮೆಯಾಗುವ ಬದಲು ಹೆಚ್ಚಿತು. ನಿದ್ರೆ ಕೆಟ್ಟಿತು, ಮಾತು ಕಡಿಮೆಯಾಯಿತು, ಮೊಬೈಲು ಮಾತ್ರ ಕೈಬಿಡಲಿಲ್ಲ. ಕೊನೆಗೆ ಉಪನಗರದ ಮೂಳೆವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಅವರು ಬಗ್ಗಿಸಿ, ನಿಲ್ಲಿಸಿ, ಕಾಲೆತ್ತಿಸಿ ನೋಡಿ, "ಈಕೆ ದಿನಕ್ಕೆ ಎಷ್ಟು ಹೊತ್ತು ಓಡಾಡುತ್ತಾಳೆ?" ಎಂದು ಕೇಳಿದರು. ನಾವು ಮನೆಯಾಕೆಯ ಮುಖ ನೋಡಿದೆವು, ಆಕೆ ನಮ್ಮ ಮುಖ ನೋಡಿದರು. ಉತ್ತರವನ್ನು ಮಗಳೇ ಕೊಟ್ಟಳು: "ಅಪ್ಪ ಪತ್ರ ಬರೆದ ಮೇಲೆ ಇಲ್ಲ." ಎಂ.ಆರ್.ಐ. ತೆಗೆಸಬೇಡವೇ ಎಂದು ನಾವು ಒತ್ತಾಯಿಸಿದಾಗ ಅವರು ನಕ್ಕರು. ಯಾವ ನೋವೂ ಇಲ್ಲದ ಇಪ್ಪತ್ತು ವರ್ಷದವರಲ್ಲೇ ನೂರಕ್ಕೆ 37 ಜನರ ಚಿತ್ರದಲ್ಲಿ ಬೆನ್ನೆಲುಬಿನ ನಡುವಣ ಮೆತ್ತೆಗಳು ಸವೆದಂತೆ ಕಾಣುತ್ತವೆ. ಕಾರಣವಿಲ್ಲದೆ ತೆಗೆಸಿದ ಚಿತ್ರ ಗಾಬರಿಯನ್ನು ಹುಟ್ಟಿಸೀತೇ ಹೊರತು ಗುಣವನ್ನು ಕೊಡಲಾರದು ಎಂದರು.

ಹಾಸಿಗೆ ಹಿಡಿದರೆ ಬೆನ್ನು ವಾಸಿಯಾಗುತ್ತದೆಂಬ ನಂಬಿಕೆಯನ್ನು ವೈದ್ಯಲೋಕವು ಕೈಬಿಟ್ಟು ಬಹಳ ಕಾಲವಾಯಿತು. ಫಿನ್ಲೆಂಡಿನ ಹೆಲ್ಸಿಂಕಿ ನಗರಸಭೆಯ 186 ನೌಕರರ ಮೇಲೆ ನಡೆದ ಪ್ರಯೋಗವೊಂದು 1995ರಲ್ಲಿ ಪ್ರಕಟವಾಯಿತು. ಆಗತಾನೆ ಸೊಂಟ ಹಿಡಿದಿದ್ದ ಅವರಲ್ಲಿ ಕೆಲವರನ್ನು ಎರಡು ದಿನ ಮಲಗಿಸಿದರು, ಕೆಲವರಿಗೆ ಬೆನ್ನಿನ ಕಸರತ್ತು ಹೇಳಿಕೊಟ್ಟರು, ಉಳಿದವರಿಗೆ ನೋವು ಸಹಿಸುವಷ್ಟರ ಮಟ್ಟಿಗೆ ನಿತ್ಯದ ಕೆಲಸವನ್ನೇ ಮಾಡಿಕೊಂಡಿರಿ ಎಂದರು. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಈ ಕೊನೆಯವರೇ! ಆಸ್ಟ್ರೇಲಿಯದಲ್ಲಿ 701 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಒಮ್ಮೆ ವಾಸಿಯಾದವರನ್ನು ಕ್ರಮವಾಗಿ ನಡೆಯಲು ಹಚ್ಚಿದರು. ನಡೆಯದವರಿಗೆ ನಡುಗಾಲಮಾನದಲ್ಲಿ 112 ದಿನಗಳಿಗೆ ನೋವು ಮರಳಿದರೆ, ನಡೆದವರಿಗೆ 208 ದಿನಗಳವರೆಗೆ ಮರಳಲಿಲ್ಲ. ಇವೆರಡೂ ದೊಡ್ಡವರ ಮೇಲೆ ನಡೆದ ಪ್ರಯೋಗಗಳೆಂಬುದನ್ನು ವಾಚಕರು ಮರೆಯಬಾರದು. ಆಟವಾಡುವ ಮಗುವಿಗೆ ಬೆನ್ನುನೋವೇ ಬಾರದೆಂದು ಯಾವ ಪಂಡಿತರೂ ಬರೆದುಕೊಡರು. ಆದರೆ ನೋವೆಂದು ಹೇಳಿದೊಡನೆ ಮಗುವನ್ನು ಮೂಲೆಯಲ್ಲಿ ಕೂರಿಸುವುದಕ್ಕೆ ಆಧಾರವಿಲ್ಲವೆಂಬುದಂತೂ ಖಂಡಿತ.

ನಮ್ಮ ಮಗಳಿಗೆ ವೈದ್ಯರು ಹೇಳಿದ ಚಿಕಿತ್ಸೆಯಲ್ಲಿ ಔಷಧಿಗಿಂತ ನಡಿಗೆಯೇ ಹೆಚ್ಚು. ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ಮತ್ತೆ ವಾರವಾರವೂ ಸ್ವಲ್ಪ ಹೆಚ್ಚು. ಜತೆಗೆ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳನ್ನು ಗಟ್ಟಿಗೊಳಿಸುವ ನಾಲ್ಕಾರು ಕಸರತ್ತು. ಎರಡು ತಿಂಗಳಾದ ಮೇಲೆ ಖೋ-ಖೋ ಆಡಬಹುದೆಂದರು. ಶಾಲೆಗೆ ಎರಡನೆಯ ಪತ್ರ ಬರೆದೆವು. ಅದನ್ನು ಓದಿ ಅವಳು, "ಮೊದಲಿನದು ಬರೆಯುವಾಗ ನನ್ನಲ್ಲಿ ಒಂದು ಮಾತು ಕೇಳಬಹುದಿತ್ತಲ್ಲ ಅಪ್ಪಾ" ಎಂದಳು. ಆ ಹೊತ್ತಿಗೆ ಅಂತರಶಾಲಾ ಪಂದ್ಯಗಳು ಮುಗಿದುಹೋಗಿದ್ದವು. ನೋವು ಈಗಲೂ ಪರೀಕ್ಷೆಯ ದಿನಗಳಲ್ಲಿ ಒಮ್ಮೊಮ್ಮೆ ಇಣುಕುತ್ತದೆ. ಅವಳು ಅದಕ್ಕೆ ಹೆದರುವುದನ್ನು ಬಿಟ್ಟಿದ್ದಾಳೆ.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನವೊಂದಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಆಟ ಆಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸೂಚನೆ. 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯಿಂದ ಆ ಸಂಸ್ಥೆಯವರು ಹಾಕಿದ ಲೆಕ್ಕದಂತೆ, 2016ರಲ್ಲಿ 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿಗೆ ಈ ಒಂದು ಗಂಟೆ ದಕ್ಕುತ್ತಿರಲಿಲ್ಲ. ಹುಡುಗಿಯರಲ್ಲಂತೂ 85 ಮಂದಿಗೆ. ಇದರಲ್ಲಿ ಭಾರತದ ಹುಡುಗಿಯರ ಸ್ಥಿತಿ ಇತರ ದೇಶಗಳವರಿಗಿಂತ ಉತ್ತಮವೆಂದು ಓದಿ ನಾವು ಹೆಮ್ಮೆಪಡುವುದರಲ್ಲಿದ್ದೆವು. ಮುಂದಿನ ಸಾಲಿನಲ್ಲಿ ಕಾರಣವೂ ಇತ್ತು: ಬಹುಶಃ ಮನೆಗೆಲಸ! ನೀರು ಹೊತ್ತು, ಪಾತ್ರೆ ಬೆಳಗಿ, ನೆಲ ಒರಸಿದ ಹುಡುಗಿಯರು ಲೆಕ್ಕದಲ್ಲಿ ಚಟುವಟಿಕೆಯುಳ್ಳವರಾದರು.

ಈ ವಿಷಯದಲ್ಲಿ ನಮಗೆ ಸ್ವಂತದ ಅನುಭವವಿದೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ನಾವು ಹೋಟೆಲಿನ ಮೋರಿಯ ಮುಂದೆ ಬಗ್ಗಿ ತಪ್ಪಲೆ ಉಜ್ಜುತ್ತಿದ್ದೆವು, ಗ್ಯಾಸಿನ ಸಿಲಿಂಡರು ಹೊರಳಿಸುತ್ತಿದ್ದೆವು, ದಿನಕ್ಕೆ ಹನ್ನೆರಡು ಗಂಟೆ ಕಾಲ ಮೇಲಿರುತ್ತಿದ್ದೆವು. ಮೈಗೆ ಕೆಲಸ ಕಡಿಮೆಯಿರಲಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳ ನಡುವೆ ಚಾಪೆ ಹಾಸಿ ಮಲಗಿದಾಗ, ಸಾಲಿನಲ್ಲಿ ಒಬ್ಬನಾದರೂ ಬೆನ್ನು ನೋವೆಂದು ನರಳುತ್ತಿದ್ದ. ಧಣಿಗಳಿಗೆ ಹೇಳುವಂತಿರಲಿಲ್ಲ, ಹೇಳಿದರೆ ಊರಿಗೆ ಬಸ್ಸು ಹತ್ತಿಸುವರೆಂಬ ಹೆದರಿಕೆ. ಆದುದರಿಂದ ದುಡಿಮೆಯೇ ವ್ಯಾಯಾಮವೆಂದು ಹೊಗಳುವವರ ಮಾತಿಗೆ ನಾವು ತಲೆದೂಗಲಾರೆವು. ತಾನಾಗಿ ಓಡುವ ಓಟ ಬೇರೆ, ಓಡಿಸಿಕೊಂಡು ಓಡುವ ಓಟ ಬೇರೆ. ಆಟವೂ ಅತಿಯಾದರೆ ಕೇಡೆಂಬುದಕ್ಕೆ ಕ್ರಿಕೆಟ್ಟಿನ ವೇಗದ ಬೌಲರುಗಳೇ ಸಾಕ್ಷಿ. 1973ರಲ್ಲಿ ಡೆನ್ನಿಸ್ ಲಿಲ್ಲಿಯವರ, 2019ರಲ್ಲಿ ನಮ್ಮ ಜಸ್‌ಪ್ರೀತ್ ಬುಮ್ರಾ ಅವರ ಬೆನ್ನೆಲುಬಿನಲ್ಲಿ ಬಿರುಕು ಕಂಡಿತ್ತು. ಬೆಳೆಯುವ ಮೂಳೆ ಇನ್ನೂ ಎಳೆಯದು. ಮಗನನ್ನು ಬೌಲರನನ್ನಾಗಿ ಮಾಡಲು ಹೊರಟ ತಂದೆಯರು ಎಸೆತಗಳನ್ನು ಎಣಿಸುವುದು ಲೇಸು.

ಆದರೆ ನಮ್ಮವರ ಮಕ್ಕಳಲ್ಲಿ ಹೆಚ್ಚಿನವರ ತೊಂದರೆ ಅತಿಯಾದ ಆಟವಲ್ಲ. ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಎರಡು ಕೋಣೆಯ ಮನೆ. ಬೆಳಗ್ಗೆ ಶಾಲೆಯ ಗಾಡಿ, ಮಧ್ಯಾಹ್ನ ಊಟ, ಸಂಜೆ ಟ್ಯೂಶನ್ನು, ರಾತ್ರಿ ಮೊಬೈಲು. ಎಲ್ಲವೂ ಕುಳಿತು ಮಾಡುವ ಕೆಲಸ. ಕಟ್ಟಡದ ಅಂಗಳದಲ್ಲಿ ಮೋಟಾರುಗಳು ನಿಂತಿರುತ್ತವೆ. ಉಳಿದ ಮೂರಡಿ ಜಾಗದಲ್ಲಿ "ಇಲ್ಲಿ ಆಟವಾಡಬಾರದು" ಎಂದು ಸೊಸೈಟಿಯವರ ಹಲಗೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಬಯಲಿರಬೇಕೆಂದು ವಿಧಿಸಿದೆ. ಮಕ್ಕಳನ್ನು ಸೇರಿಸುವಾಗ ನಾವು ಫಲಿತಾಂಶದ ಶೇಕಡಾವಾರನ್ನು ಕೇಳುತ್ತೇವೆ. ಬಯಲನ್ನು ತೋರಿಸಿ ಎಂದು ಕೇಳಿದ ತಂದೆತಾಯಿಗಳು ಎಷ್ಟು ಮಂದಿ?

ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡುವಂತಿಲ್ಲ. ಬೆನ್ನುನೋವಿನೊಂದಿಗೆ ಜ್ವರ ಬರುವುದು, ತೂಕ ಇಳಿಯುವುದು, ರಾತ್ರಿ ನೋವಿನಿಂದ ಎಚ್ಚರವಾಗುವುದು, ಕಾಲು ಜೋಮು ಹಿಡಿಯುವುದು ಅಥವಾ ಬಲಗುಂದುವುದು, ಮಲಮೂತ್ರದ ಹಿಡಿತ ತಪ್ಪುವುದು — ಇವುಗಳಲ್ಲಿ ಯಾವುದು ಕಂಡರೂ ನಡಿಗೆ, ಕಸರತ್ತು ಎಂದು ಕಾಯದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಕ್ಷಯವು ಶ್ವಾಸಕೋಶಕ್ಕೆ ಮಾತ್ರ ತಗಲುವುದಲ್ಲ, ಬೆನ್ನೆಲುಬಿಗೂ ತಗಲುತ್ತದೆ. ಮುಂಬಯಿಯಂಥ ಊರಿನಲ್ಲಿ ಇದನ್ನು ಮರೆಯಲಾಗದು. ಬೆಳೆಯುವ ಹುಡುಗಿಯ ಒಂದು ಭುಜ ಮೇಲಾಗಿ ಬೆನ್ನು ಒಂದು ಪಕ್ಕಕ್ಕೆ ಬಾಗಿದಂತೆ ಕಂಡರೂ ಹಾಗೆಯೇ.

ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಒಂದು ಅರಿಕೆಯಿದೆ. ವರ್ಷಕ್ಕೊಂದು ಭಾನುವಾರ ಕ್ರೀಡಾಕೂಟ ನಡೆಸಿ, ಅತಿಥಿಗಳಿಗೆ ಶಾಲು ಹೊದಿಸಿ, ಮಕ್ಕಳಿಗೆ ಬಹುಮಾನ ಹಂಚುತ್ತೇವೆ. ಉಳಿದ ದಿನಗಳಲ್ಲಿ ಮದುವೆಯಿಲ್ಲದ ಸಂಜೆ ನಮ್ಮ ಸಭಾಗೃಹಗಳು ಬೀಗ ಹಾಕಿಕೊಂಡಿರುತ್ತವೆ. ಕುರ್ಚಿಗಳನ್ನು ಬದಿಗೆ ಸರಿಸಿದರೆ ಮೂವತ್ತು ಮಕ್ಕಳು ಅಲ್ಲಿ ಸೂರ್ಯನಮಸ್ಕಾರ ಮಾಡಬಹುದು, ಹಗ್ಗದಾಟ ಆಡಬಹುದು. ತಮ್ಮ ತಮ್ಮ ಉಪನಗರಗಳಲ್ಲಿ ಸಂಜೆ ಐದರಿಂದ ಏಳರವರೆಗೆ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ತೆರೆದಿರುವ ಬಯಲು ಅಥವಾ ಸಭಾಗೃಹ ಯಾವುದಿದೆಯೆಂದು ವಾಚಕರು ಒಂದು ಸಾಲು ಬರೆದು ತಿಳಿಸಿದರೆ, ಬರುವ ತಿಂಗಳಿನಿಂದ ಪ್ರತಿ ಶನಿವಾರ ಈ ಪುಟದಲ್ಲಿ ಅವುಗಳ ವಿಳಾಸ ಮತ್ತು ಸಮಯವನ್ನು ಪ್ರಕಟಿಸುತ್ತೇವೆ.