ಆಟದ ಯಂತ್ರದ ಆಕರಪಾಠ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಲಕ್ಷಣಗಳು ನಿರೂಪಿತವಾಗಿವೆ. ಎಲೆಗಳು ನಶಿಸಿದರೂ ಆ ಪಾಠವನ್ನನುಸರಿಸಿ ಅವನ್ನು ಮರಳಿ ಚಿತ್ರಿಸಬಹುದು. ವಿಡಿಯೋ ಆಟದ ಯಂತ್ರಗಳಿಗೂ ಇದೇ ನ್ಯಾಯವು ಸಲ್ಲುತ್ತದೆ.

1983ರಲ್ಲಿ ಜಪಾನಿನಲ್ಲಿ ಹೊರಬಂದ ‘ಫ್ಯಾಮಿಲಿ ಕಂಪ್ಯೂಟರ್’ನಂಥ ಯಂತ್ರದ ವರ್ತನೆಯನ್ನು ಅನುಕರಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. 1997ರಲ್ಲಿ ಮೊದಲು ಪ್ರಕಟವಾದ ‘ಮೇಮ್’ ಅಂಥದೊಂದು. ಅದರ ಆಕರಪಾಠವು ಸರ್ವರಿಗೂ ಲಭ್ಯವಿದೆ. ಕಂಪೈಲರು ಆ ಪಾಠವನ್ನು ನಮ್ಮ ಗಣಕವು ಗ್ರಹಿಸುವ ಆಜ್ಞೆಗಳಾಗಿ ಪರಿವರ್ತಿಸುತ್ತದೆ. ಹೀಗೆ ಸಿದ್ಧವಾದ ತಂತ್ರಾಂಶವು ಆಟದ ಚಿಪ್ಪಿನ ಪ್ರತಿಯಿಂದ ಸೂಚನೆಗಳನ್ನು ಒಂದೊಂದಾಗಿ ಓದಿ, ಹಳೆಯ ಯಂತ್ರವು ಮಾಡುತ್ತಿದ್ದುದನ್ನೇ ಮಾಡುತ್ತದೆ. ಆಟದ ಹಕ್ಕು ಮಾತ್ರ ಅದರ ಒಡೆತನ ಉಳ್ಳವರದು.

ಸಿದ್ಧ ತಂತ್ರಾಂಶವಷ್ಟೇ ಉಳಿದರೆ ಇಂದಿನ ಗಣಕದೊಡನೆ ಅದೂ ಅಳಿಯಬಹುದು. ಪಾಠವು ಉಳಿದರೆ ಮುಂದಿನ ಗಣಕಕ್ಕೆ ಹೊಂದಿಸಿ ಮತ್ತೆ ಕಟ್ಟಬಹುದು. ಆದಕಾರಣ ಆಕರಪಾಠವನ್ನು ಹಸ್ತಪ್ರತಿಯಂತೆಯೇ ಸಂರಕ್ಷಿಸತಕ್ಕದ್ದೆಂದು ನಾವು ಭಾವಿಸುತ್ತೇವೆ.